ಬಂದೂಕು ಆರು, ಗುಂಡು ಎಷ್ಟು?

ನಮ್ಮ ದಢೇಸುಗೂರಿನ ಕಡೆ ‘ಈ ಸಲ ಏನ್ ಹಚ್ಚೀರಿ?’ ಎಂದು ಕೇಳಿದರೆ ಯಾರೂ ಬರೀ ‘ಭತ್ತ’ ಎನ್ನುವುದಿಲ್ಲ. ಬಿಪಿಟಿ 5204, ಆರ್‌ಎನ್‌ಆರ್ 15048 ಎಂದು ನಂಬರ್ ಸಮೇತ ಹೇಳುತ್ತಾರೆ. ಎಲ್ಲವೂ ಭತ್ತವೇ. ಆದರೆ ಒಂದು ಬೇಗ ಕಟಾವಿಗೆ ಬರುತ್ತದೆ, ಇನ್ನೊಂದು ತಡ. ಒಂದಕ್ಕೆ ಒಂದು ರೇಟು, ಇನ್ನೊಂದಕ್ಕೆ ಇನ್ನೊಂದು. ಊರಲ್ಲೇ ಕೃಷಿ ಸಂಶೋಧನಾ ಕೇಂದ್ರ ಇರುವುದರಿಂದ ‘ತಳಿ’ ಎಂಬ ಪದ ನಮಗೆ ಚಿಕ್ಕಂದಿನಿಂದಲೂ ಗೊತ್ತು.

ಯುದ್ಧವಿಮಾನಗಳಲ್ಲೂ ಹೀಗೆ ತಳಿಗಳಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ಐಎನ್‌ಎಸ್ ವಿಕ್ರಾಂತ್ ಬಗ್ಗೆ ಒಂದು ಪ್ರಶ್ನೆಯ ಬೆನ್ನು ಹತ್ತಿ ಹೋದವನು ನಾನು. ಅಲ್ಲಿಂದ ಎರಡನೇ ಮಹಾಯುದ್ಧದ ಕೊನೆಯ ವರ್ಷಗಳ ನೌಕಾ ಯುದ್ಧವಿಮಾನಗಳ ತನಕ ಬಂದು ನಿಂತೆ. ಒಂದೇ ಹೆಸರಿನ ವಿಮಾನ, ಕೊನೆಗೆ ಒಂದು ಅಕ್ಷರ, ಒಂದು ಅಂಕಿ ಬೇರೆ. ಆ ಸಣ್ಣ ವ್ಯತ್ಯಾಸದ ಹಿಂದೆ ಎಷ್ಟೋ ಪೈಲಟ್‌ಗಳ ಸಾವು ಬದುಕಿನ ಲೆಕ್ಕವಿದೆ. ಆ ಲೆಕ್ಕ ಕೆಲಸ ಹುಡುಕುತ್ತಿರುವ ನಮಗೂ ಉಪಯೋಗಕ್ಕೆ ಬರುತ್ತದೆ ಎಂದು ಅನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಮೆರಿಕದ ವೈಲ್ಡ್‌ಕ್ಯಾಟ್ ಕತೆ. ಗ್ರಮ್ಮನ್ ಕಂಪನಿಯ ಈ ವಿಮಾನದ ಎಫ್4ಎಫ್-3 ಮಾದರಿಯಲ್ಲಿ ನಾಲ್ಕು ಮಷಿನ್‌ಗನ್ ಇದ್ದವು. ಒಂದೊಂದಕ್ಕೆ 450 ಗುಂಡು, ಒಟ್ಟು 1,800. ಮುಂದಿನ ಎಫ್4ಎಫ್-4 ಮಾದರಿಗೆ ರೆಕ್ಕೆ ಮಡಚುವ ಸೌಲಭ್ಯ ಬಂತು. ಹಡಗಿನಲ್ಲಿ ಹೆಚ್ಚು ವಿಮಾನ ನಿಲ್ಲಿಸಬಹುದಾದ್ದರಿಂದ ಅದು ಒಳ್ಳೆಯದೇ. ಜೊತೆಗೆ ಬಂದೂಕುಗಳೂ ಆರಾದವು. ಕೇಳಿದರೆ ಬಲ ಒಂದೂವರೆ ಪಟ್ಟು ಆದಂತೆ ಕಾಣುತ್ತದೆ. ಆದರೆ ಜಾಗ, ತೂಕ ಎಲ್ಲಿಂದ ತರುವುದು? ಒಂದೊಂದು ಬಂದೂಕಿನ ಪಾಲಿಗೆ 240 ಗುಂಡುಗಳಷ್ಟೇ ಉಳಿದವು. ಒಟ್ಟು 1,440.

ಆ ಬಂದೂಕು ನಿಮಿಷಕ್ಕೆ ಸುಮಾರು 800 ಗುಂಡು ಹಾರಿಸುತ್ತದೆ ಎಂದುಕೊಳ್ಳಿ. ಹಳೆಯ ಮಾದರಿಯ ಪೈಲಟ್ ಒಟ್ಟು 34 ಸೆಕೆಂಡ್ ಗುಂಡು ಹಾರಿಸಬಹುದಿತ್ತು. ಹೊಸ ಮಾದರಿಯವನಿಗೆ ಸಿಕ್ಕಿದ್ದು 18 ಸೆಕೆಂಡ್. ಎಂಜಿನ್ ಬಲ ಹೆಚ್ಚಲಿಲ್ಲ, ತೂಕ ಹೆಚ್ಚಿತು, ಮೇಲೇರುವ ವೇಗ ಕುಸಿಯಿತು. 1942ರ ಜೂನ್‌ನಲ್ಲಿ ಮಿಡ್‌ವೇ ಕಾಳಗದಲ್ಲಿ ಇದೇ ವಿಮಾನ ಹಾರಿಸಿದ ಪೈಲಟ್‌ಗಳು ನೇರವಾಗಿಯೇ ದೂರಿದರು. ಅವರಲ್ಲಿ ಜಿಮ್ಮಿ ಥ್ಯಾಚ್ ಪ್ರಮುಖರು. ನಾಲ್ಕು ಬಂದೂಕಿನಲ್ಲಿ ಗುರಿ ಹೊಡೆಯಲಾಗದವನು ಎಂಟು ಕೊಟ್ಟರೂ ಹೊಡೆಯಲಾರ ಎಂಬುದು ಅವರ ವಾದದ ಸಾರ.

ಮೇಲಿನವರು ಆ ಮಾತಿಗೆ ಕಿವಿಗೊಟ್ಟರು ಎಂಬುದೇ ಇಲ್ಲಿನ ವಿಶೇಷ. ವೈಲ್ಡ್‌ಕ್ಯಾಟ್ ತಯಾರಿಕೆ ಜನರಲ್ ಮೋಟರ್ಸ್‌ನ ಈಸ್ಟರ್ನ್ ವಿಭಾಗಕ್ಕೆ ಹೋದಾಗ ಬಂದೂಕು ಮತ್ತೆ ನಾಲ್ಕಕ್ಕೆ ಇಳಿಯಿತು. ಯುದ್ಧದ ಕೊನೆಯ ಘಟ್ಟದ ಎಫ್‌ಎಂ-2 ಮಾದರಿಯಲ್ಲಿ ಒಂದೊಂದಕ್ಕೆ 430 ಗುಂಡು. ವಿಮಾನ ಹಗುರಾಯಿತು, ಎಂಜಿನ್ 1,350 ಅಶ್ವಶಕ್ತಿಯದಾಯಿತು. ಎಲ್ಲ ವೈಲ್ಡ್‌ಕ್ಯಾಟ್ ಮಾದರಿಗಳ ಪೈಕಿ ಅತಿ ಹೆಚ್ಚು ತಯಾರಾದದ್ದು ಇದೇ: 4,777.

ಇದರ ಪರೀಕ್ಷೆ ನಡೆದದ್ದು 1944ರ ಅಕ್ಟೋಬರ್ 25ರಂದು, ಫಿಲಿಪ್ಪೀನ್ಸ್‌ನ ಸಮಾರ್ ದ್ವೀಪದ ಬಳಿ. ಆರು ಸಣ್ಣ ವಿಮಾನವಾಹಕ ನೌಕೆಗಳ ಅಮೆರಿಕನ್ ತುಕಡಿಗೆ ಬೆಳಿಗ್ಗೆ ಬೆಳಿಗ್ಗೆಯೇ ಎದುರಾದದ್ದು ಯಮಾಟೊ ಸೇರಿ ನಾಲ್ಕು ಮಹಾ ಯುದ್ಧನೌಕೆಗಳಿದ್ದ ಜಪಾನಿ ಪಡೆ. ಎಫ್‌ಎಂ-2ಗಳು ಆ ದೈತ್ಯ ಹಡಗುಗಳ ಮೇಲೆ ಎರಗಿ ಗುಂಡು ಹಾರಿಸಿದವು. ಅಷ್ಟು ದಪ್ಪ ಉಕ್ಕಿಗೆ ಮಷಿನ್‌ಗನ್ ಏನೂ ಮಾಡದು. ಆದರೆ ಮೇಲ್ಭಾಗದಲ್ಲಿ ನಿಂತ ಸಿಬ್ಬಂದಿ ತಲೆ ತಗ್ಗಿಸಲೇಬೇಕು, ಹಡಗು ದಿಕ್ಕು ಬದಲಿಸಲೇಬೇಕು. ಗುಂಡು ಮುಗಿದ ಮೇಲೂ ಕೆಲವು ಪೈಲಟ್‌ಗಳು ಬರಿಗೈಲಿ ಮತ್ತೆ ಮತ್ತೆ ಎರಗಿ ಹೆದರಿಸಿದರು. ಆ ದಿನ ಈ ತುಕಡಿ ಎರಡು ವಿಮಾನವಾಹಕಗಳನ್ನೂ ಮೂರು ಬೆಂಗಾವಲು ಹಡಗುಗಳನ್ನೂ ಕಳೆದುಕೊಂಡಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಆದರೂ ಕೊನೆಗೆ ಹಿಂದಕ್ಕೆ ತಿರುಗಿದ್ದು ಜಪಾನಿ ಪಡೆ. ಅಂಥ ದಿನ ಒಂದೊಂದು ಸೆಕೆಂಡ್ ಗುಂಡಿಗೂ ಎಷ್ಟು ಬೆಲೆ ಎಂದು ಬೇರೆ ಹೇಳಬೇಕಿಲ್ಲ.

ಇದೇ ಹೊತ್ತಿಗೆ ಎದುರು ಪಾಳೆಯದಲ್ಲಿ ತದ್ವಿರುದ್ಧ ನಡೆಯಿತು. ಜಪಾನಿನ ಝೀರೊ ವಿಮಾನದ ಶಕ್ತಿಯೇ ಅದರ ಹಗುರತನ. 1944ರಲ್ಲಿ ಬಂದ ಎ6ಎಂ5 ‘ಹೆಯ್’ ಮಾದರಿಗೆ ಎರಡು 20 ಮಿ.ಮೀ. ಕ್ಯಾನನ್‌ಗಳ ಜೊತೆ ಮೂರು 13.2 ಮಿ.ಮೀ. ಬಂದೂಕು ಸೇರಿಸಿದರು. ಪೈಲಟ್‌ನ ರಕ್ಷಣೆಗೆ ಕವಚವನ್ನೂ ಕೊಟ್ಟರು. ಬೇಡಿಕೆ ತಪ್ಪಲ್ಲ, ಪೈಲಟ್‌ಗಳು ಸಾಯುತ್ತಿದ್ದರು. ಆದರೆ ಎಂಜಿನ್ ಮಾತ್ರ ಅದೇ ಹಳೆಯದು, ಸುಮಾರು 1,130 ಅಶ್ವಶಕ್ತಿ. ಹೊರೆ ಹೆಚ್ಚಿಸಿ ಎತ್ತು ಅದೇ ಇಟ್ಟ ಹಾಗಾಯಿತು. ಹೆಚ್ಚು ಬಲದ ಎಂಜಿನ್ ಇಟ್ಟ ಎ6ಎಂ8 ಪ್ರಯೋಗಕ್ಕೆ ಬರುವ ಹೊತ್ತಿಗೆ 1945 ಆಗಿತ್ತು. ಎರಡು ವಿಮಾನ ತಯಾರಾಗುವಷ್ಟರಲ್ಲಿ ಯುದ್ಧವೇ ಮುಗಿಯಿತು.

ಹಾಗಾದರೆ ಕಡಿಮೆ ಬಂದೂಕೇ ಯಾವಾಗಲೂ ಸರಿಯೇ? ಹಾಗೂ ಅಲ್ಲ. ಕೋರ್ಸೇರ್ ವಿಮಾನ ನೋಡಿ. ಅದರ ಎಫ್4ಯು-1ಡಿ ಮಾದರಿಯಲ್ಲಿ ಆರು ಅರ್ಧ ಇಂಚಿನ ಮಷಿನ್‌ಗನ್, 2,350 ಗುಂಡು. ಎಂಜಿನ್ 2,000 ಅಶ್ವಶಕ್ತಿಗೂ ಹೆಚ್ಚಿನದಾದ್ದರಿಂದ ಹೊರೆ ಹೊತ್ತಿತು. ಆದರೆ ಯುದ್ಧದ ಕೊನೆಗೆ ಆತ್ಮಾಹುತಿ ವಿಮಾನಗಳು ಹಡಗಿಗೇ ಬಂದು ಅಪ್ಪಳಿಸತೊಡಗಿದಾಗ ಶತ್ರುವನ್ನು ಗಾಯಗೊಳಿಸಿದರೆ ಸಾಲದಾಯಿತು. ಅವನನ್ನು ಆಕಾಶದಲ್ಲೇ ಒಡೆದುಹಾಕಬೇಕಿತ್ತು. 1945ರ ಏಪ್ರಿಲ್‌ನಿಂದ ಒಕಿನಾವಾ ಕಾಳಗದಲ್ಲಿ ಹಾರಿದ ಎಫ್4ಯು-1ಸಿ ಮಾದರಿಗೆ ಆರು ಬಂದೂಕಿನ ಬದಲು ನಾಲ್ಕು 20 ಮಿ.ಮೀ. ಕ್ಯಾನನ್ ಇಟ್ಟಿದ್ದರು. ಹಾರಿಸುವ ಗುಂಡು ಕಡಿಮೆ, ಸಿಡಿಯುವ ಗುಂಡಿನ ಏಟು ದೊಡ್ಡದು. ತಯಾರಾದದ್ದು 200 ಮಾತ್ರ. ತುಂಬಾ ಎತ್ತರದ ಚಳಿಯಲ್ಲಿ ಆ ಕ್ಯಾನನ್‌ಗಳು ಹೆಪ್ಪುಗಟ್ಟಿ ನಿಲ್ಲುವ ತೊಂದರೆಯೂ ಇತ್ತು. ಅಂದರೆ ಯಾವ ಆಯುಧವೂ ತಾನಾಗಿ ಶ್ರೇಷ್ಠವಲ್ಲ. ಎದುರಿಗೆ ಯಾರಿದ್ದಾರೆ, ಹೊರುವ ಎಂಜಿನ್ ಎಂಥದ್ದು, ಹಾರುವ ಎತ್ತರ ಎಷ್ಟು ಎಂದು ಕೇಳಿಕೊಂಡೇ ಆರಿಸಬೇಕು.

ಇದೆಲ್ಲ ಎಲ್ಲೋ ಪೆಸಿಫಿಕ್ ಸಾಗರದ ಕತೆ ಎನ್ನಬೇಡಿ. ಆ ಯುದ್ಧದಲ್ಲಿ ನಮ್ಮ ಬೆಂಗಳೂರಿಗೂ ಪಾಲಿತ್ತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆಗೂಡಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರ ಹೊತ್ತಿಗೆ ಅಮೆರಿಕನ್ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಸಮುದ್ರದ ಮೇಲೆ ಗಸ್ತು ತಿರುಗುವ ಕ್ಯಾಟಲಿನಾ ವಿಮಾನಗಳನ್ನೂ ಅಲ್ಲಿ ರಿಪೇರಿ ಮಾಡುತ್ತಿದ್ದರು. ಅದೇ ಕಾರ್ಖಾನೆ ಇಂದಿನ ಎಚ್‌ಎಎಲ್.

ಯುದ್ಧದ ಕೊನೆಯಲ್ಲಿ ಹುಟ್ಟಿದ ಒಂದು ಹಡಗೂ ನಮ್ಮದಾಯಿತು. 1945ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ನೀರಿಗಿಳಿದ ‘ಹರ್ಕ್ಯುಲಿಸ್’ ಅರ್ಧಕ್ಕೇ ನಿಂತಿತ್ತು. ಅದನ್ನು ಭಾರತ ಕೊಂಡು, 1961ರ ಮಾರ್ಚ್ 4ರಂದು ಐಎನ್‌ಎಸ್ ವಿಕ್ರಾಂತ್ ಆಗಿ ಸೇವೆಗೆ ಸೇರಿಸಿತು. ಅದರ ಯುದ್ಧವಿಮಾನ ಸೀ ಹಾಕ್. ಹೊಸಪೇಟೆಯಿಂದ ರೈಲು ಹತ್ತಿ ವಾಸ್ಕೋಗೆ ಹೋದಾಗ ಅಲ್ಲಿನ ನೌಕಾ ವಿಮಾನ ಸಂಗ್ರಹಾಲಯದಲ್ಲಿ ಸೀ ಹಾಕ್ ನೋಡಿದೆ. ನಮ್ಮ ಕಡೆಯ ಭತ್ತದ ಲಾರಿಗಿಂತ ಬಹಳ ದೊಡ್ಡದೇನಲ್ಲ. ಅದರ ಮೂತಿಯ ಕೆಳಗೆ ನಾಲ್ಕು 20 ಮಿ.ಮೀ. ಹಿಸ್ಪಾನೊ ಕ್ಯಾನನ್. ಯುದ್ಧದ ಕೊನೆಯಲ್ಲಿ ಬ್ರಿಟಿಷರು ನಳಿಗೆ ಗಿಡ್ಡ ಮಾಡಿ, ಸುಮಾರು 50 ಕಿಲೋದಿಂದ 42 ಕಿಲೋಗೆ ಇಳಿಸಿದ ಕ್ಯಾನನ್ ಅದು. ಒಕಿನಾವಾದಲ್ಲಿ ಹಾರಿದ ಕೋರ್ಸೇರ್‌ನ ಕ್ಯಾನನ್ನೂ ಹಿಸ್ಪಾನೊ ಮನೆತನದ್ದೇ.

1971ರ ಡಿಸೆಂಬರ್ 4ರಂದು ವಿಕ್ರಾಂತ್‌ನಿಂದ ಹಾರಿದ ಸೀ ಹಾಕ್‌ಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಆಗ ಜಗತ್ತಿನಲ್ಲಿ ಶಬ್ದಕ್ಕಿಂತ ವೇಗದ ವಿಮಾನಗಳು ಸಾಮಾನ್ಯವಾಗಿದ್ದವು. ಸೀ ಹಾಕ್ ಹಳತು. ಆದರೆ ಅದಕ್ಕೆ ಒಪ್ಪಿಸಿದ ಕೆಲಸ ವಿಮಾನ ನಿಲ್ದಾಣ, ಬಂದರು, ಹಡಗುಗಳ ಮೇಲಿನ ದಾಳಿ. ಆ ಕೆಲಸಕ್ಕೆ ಅದು ಸಾಕಾಗಿತ್ತು.

ಇನ್ನು ನಮ್ಮ ಕಾಲಕ್ಕೆ ಬರೋಣ. ಬೆಂಗಳೂರಿನಲ್ಲೇ ವಿನ್ಯಾಸಗೊಂಡ ನೌಕಾ ತೇಜಸ್ 2012ರ ಏಪ್ರಿಲ್ 27ರಂದು ಮೊದಲ ಸಲ ಹಾರಿತು. ಹಡಗಿನ ಮೇಲೆ ಇಳಿಯಲು ಗಟ್ಟಿ ಗಾಲಿಚೌಕಟ್ಟು ಬೇಕು, ತಂತಿ ಹಿಡಿಯುವ ಕೊಕ್ಕೆ ಬೇಕು. ಇವು ತೂಕ ತಂದವು. ಕಾರವಾರವನ್ನು ನೆಲೆಯಾಗಿಸಿಕೊಂಡ ಐಎನ್‌ಎಸ್ ವಿಕ್ರಮಾದಿತ್ಯದಲ್ಲಿ ವಿಮಾನವನ್ನು ಚಿಮ್ಮಿಸಿ ಕಳಿಸುವ ಯಂತ್ರವಿಲ್ಲ. ವಿಮಾನ ತನ್ನ ಎಂಜಿನ್ ಬಲದಲ್ಲೇ ಇಳಿಜಾರು ಹತ್ತಿ ಹಾರಬೇಕು. 2016ರ ಡಿಸೆಂಬರ್‌ನಲ್ಲಿ ಆಗಿನ ನೌಕಾಪಡೆ ಮುಖ್ಯಸ್ಥ ಸುನಿಲ್ ಲಾಂಬಾ ಈ ವಿಮಾನ ನಮ್ಮ ಅಗತ್ಯಕ್ಕೆ ಹೊಂದುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ವೈಲ್ಡ್‌ಕ್ಯಾಟ್ ಪೈಲಟ್‌ಗಳು ಎತ್ತಿದ ತೂಕದ ಪ್ರಶ್ನೆಯೇ ಇಲ್ಲೂ ಎದುರಾಗಿತ್ತು. ಆದರೆ ತಂಡ ಕೈಚೆಲ್ಲಲಿಲ್ಲ. 2020ರ ಜನವರಿ 11ರಂದು ನೌಕಾ ತೇಜಸ್ ವಿಕ್ರಮಾದಿತ್ಯದ ಮೇಲೆ ಇಳಿಯಿತು, ಮರುದಿನ ಅಲ್ಲಿಂದಲೇ ಹಾರಿತು. ಅಲ್ಲಿ ಕಲಿತದ್ದು ಎರಡು ಎಂಜಿನ್‌ಗಳ ಮುಂದಿನ ನೌಕಾ ವಿಮಾನದ ವಿನ್ಯಾಸಕ್ಕೆ ದಾರಿಯಾಗಿದೆ.

ಈಗ ನಮ್ಮ ಮಾತು. ಸಿಂಧನೂರಿನ ಓದುವ ಕೋಣೆಗಳಲ್ಲಿ ನನ್ನ ಜೊತೆ ಕೂರುವ ಹುಡುಗರ ಬ್ಯಾಗ್ ತೆಗೆದು ನೋಡಿ. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಬ್ಯಾಂಕ್, ರೈಲ್ವೆ, ಟಿಇಟಿ, ಒಟ್ಟು ಆರು ಪುಸ್ತಕ. ಆರು ಬಂದೂಕು. ಒಂದೊಂದಕ್ಕೂ ವರ್ಷದಲ್ಲಿ ಸಿಗುವುದು ಎರಡು ತಿಂಗಳ ಗುಂಡು. ಈ ವರ್ಷ ಎರಡೇ ಪರೀಕ್ಷೆಗೆ ಓದುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿದರು: ‘ಯಾಕ್ ತಮ್ಮಾ, ಎಲ್ಲಾಕೂ ಅರ್ಜಿ ಹಾಕಿದ್ರ ಒಂದರ ಹತ್ತತೈತಲ್ಲ?’ ಅಪ್ಪನ ಭಯ ಸುಳ್ಳಲ್ಲ. ಕಾಲುವೆ ನೀರು ಬರದ ವರ್ಷ ಮನೆಯಲ್ಲಿ ಒಂದು ಸಂಬಳ ಇದ್ದರೆ ಎಷ್ಟು ಆಸರೆ ಎಂದು ನನಗೂ ಗೊತ್ತು. ‘ಅಪ್ಪಾ, ನೀವು ಇರೋ ನೀರಿಗೆ ಎಷ್ಟು ಎಕರೆ ನಾಟಿ ಮಾಡಬೇಕಂತ ಲೆಕ್ಕ ಹಾಕ್ತೀರಲ್ರಿ, ಹಂಗ’ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆತು ನೋಡು’ ಎಂದರು.

ಎಲ್ಲರೂ ಎರಡೇ ಪರೀಕ್ಷೆ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಕೋರ್ಸೇರ್‌ನಂಥ ಎಂಜಿನ್ ಇರುವವರು ಆರನ್ನೂ ಹೊತ್ತು ಹಾರಬಹುದು. ಪಠ್ಯಕ್ರಮ ಒಂದೇ ತರಹ ಇರುವ ಪರೀಕ್ಷೆಗಳಿದ್ದರೆ ಒಂದೇ ಗುಂಡು ಎರಡು ಬಂದೂಕಿಗೂ ಹೊಂದೀತು. ಆದರೆ ಹೊಸ ಅರ್ಜಿಗೆ ಶುಲ್ಕ ಕಟ್ಟುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ನಮ್ಮ ಕೈಲಿರುವ ದಿನ ಎಷ್ಟು, ದಿನಕ್ಕೆ ನಿಜವಾಗಿ ಓದುವ ತಾಸು ಎಷ್ಟು, ಅದನ್ನು ಎಷ್ಟು ಕಡೆ ಹಂಚುತ್ತಿದ್ದೇವೆ ಎಂದು ಬರೆದು ಭಾಗಿಸಿ ನೋಡಿ. ಬರುವ ಉತ್ತರ 34 ಸೆಕೆಂಡೋ, 18 ಸೆಕೆಂಡೋ ಎಂದು ನಿಮಗೇ ತಿಳಿಯುತ್ತದೆ.