ಗೋಡೆಯ ಮಾತು ಕೇಳುವವರು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ಹಿರಿಯರು. ಇಂದಿನ ನಗರವಾಸಿಗೆ ಕಟ್ಟುವ ಯೋಗ ಅಪರೂಪ. ಬೇರೊಬ್ಬರು ಕಟ್ಟಿದುದನ್ನು ಕೊಳ್ಳುವುದೇ ಹೆಚ್ಚು. ಬಹುಕಾಲದ ಉಳಿತಾಯ, ಬ್ಯಾಂಕಿನ ಸಾಲ, ಗೃಹಿಣಿಯ ಒಡವೆ, ಎಲ್ಲವೂ ಒಂದು ಬೀಗದ ಕೈಗಾಗಿ ಸಂದುಹೋಗುತ್ತವೆ. ಕೊಳ್ಳುವವರು ಕ್ರಯಪತ್ರ, ಖಾತೆ, ಋಣಭಾರ ಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ. ಅದು ಯುಕ್ತವೇ. ಆದರೆ ಕಾಗದಪತ್ರಗಳು ತಿಳಿಸುವುದು ಮನೆ ಯಾರದೆಂಬುದನ್ನು, ಮನೆ ಹೇಗಿದೆಯೆಂಬುದನ್ನಲ್ಲ. ಅದನ್ನು ಗೋಡೆಯನ್ನೇ ಕೇಳಬೇಕು. ಆ ಗೋಡೆಯ ಭಾಷೆ ಬಲ್ಲವನೇ ಕಟ್ಟಡ ಪರೀಕ್ಷಕ.

ನಮ್ಮಲ್ಲಿ ಸರ್ವೇಯರ್ ಎಂದೊಡನೆ ಕಣ್ಮುಂದೆ ನಿಲ್ಲುವುದು ಹೊಲದಲ್ಲಿ ಸರಪಳಿ ಎಳೆಸುವ ಅಧಿಕಾರಿ. ಇಂಗ್ಲೆಂಡಿನಲ್ಲಾದರೋ ಕಟ್ಟಡಗಳ ಸರ್ವೇಯರ್ ಎಂಬುದೇ ಒಂದು ಪ್ರತ್ಯೇಕ ವೃತ್ತಿ. ಆ ನಾಡಿನ ಸರ್ವೇಯರುಗಳ ಸಂಸ್ಥೆ ಲಂಡನ್ನಿನಲ್ಲಿ ಸ್ಥಾಪನೆಯಾದದ್ದು 1868ರಲ್ಲಿ. ಬೆಂಗಳೂರಿನಂತಹ ನಗರಗಳಲ್ಲಿ ಈ ಪರೀಕ್ಷೆಯನ್ನು ಸ್ಟ್ರಕ್ಚರಲ್ ಇಂಜಿನಿಯರುಗಳು ನಡೆಸಿಕೊಡುತ್ತಾರೆ. ಬ್ಯಾಂಕಿನ ಮೌಲ್ಯಮಾಪಕರೂ ಮನೆ ನೋಡಿ ಹೋಗುವುದುಂಟು. ಆದರೆ ಅವರ ಚಿಂತೆ ಸಾಲಕ್ಕೆ ಆಧಾರ ಸಾಕೇ ಎಂಬುದು. ಕೊಳ್ಳುವವರ ಪರವಾಗಿ ನೋಡುವ ಕಣ್ಣು ಬೇರೆಯೇ ಬೇಕು.

ಆ ಕಣ್ಣು ಮೊದಲು ನೆಲವನ್ನು ನೋಡುತ್ತದೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ನೆಲದಲ್ಲಿ. ಹೀಗೆ ಕೆರೆಗಳು ಬಡಾವಣೆಗಳಾದ ಊರಿನಲ್ಲಿ ಪಾಯದ ಕೆಳಗಿರುವುದು ಗಟ್ಟಿ ನೆಲವೋ ತುಂಬಿದ ಮಣ್ಣೋ ಎಂಬ ಪ್ರಶ್ನೆ ಸಣ್ಣದಲ್ಲ.

ಬಳಿಕ ಬಿರುಕುಗಳ ಸರದಿ. ಗಾರೆಯ ಮೇಲಿನ ಕೂದಲೆಳೆಯ ಬಿರುಕಿಗೆ ಸಾಮಾನ್ಯವಾಗಿ ಅಂಜಬೇಕಾಗಿಲ್ಲ. ಇಟ್ಟಿಗೆಯ ಸಂದುಗಳಗುಂಟ ಮೆಟ್ಟಿಲು ಮೆಟ್ಟಿಲಾಗಿ ಏರಿದ ಬಿರುಕು ಪಾಯ ಕುಸಿಯುತ್ತಿರುವುದರ ಸೂಚನೆಯಾಗಿರಬಹುದು. ಅನುಮಾನವಾದರೆ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿಡುತ್ತಾರೆ. ಕೆಲ ಕಾಲದಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆಯೆಂದು ತಿಳಿಯಬೇಕು.

ಕಾಂಕ್ರೀಟಿನ ಕ್ಷಾರಗುಣವು ತನ್ನೊಳಗಿನ ಕಂಬಿಗಳನ್ನು ತುಕ್ಕಿನಿಂದ ಕಾಪಾಡುತ್ತದೆ. ವರ್ಷಗಳುರುಳಿದಂತೆ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಒಳಸೇರಿ ಆ ಗುಣವನ್ನು ಕುಂದಿಸುತ್ತದೆ. ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರವುಳಿದ ಭಾಗ ಗುಲಾಬಿ ಬಣ್ಣ ತಾಳುತ್ತದೆ. ಉಳಿದುದು ಹಾಗೆಯೇ ಇರುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಸ್ಥಳ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮಾರುವವನು ಬಳಿಸಿದ ಹೊಸ ಬಣ್ಣ ಇವೆಲ್ಲವನ್ನೂ ಮರೆಮಾಡಬಲ್ಲದು, ವಾಸಿಮಾಡಲಾರದು.

ಹೊಸ ಕಟ್ಟಡಕ್ಕೆ ಪರೀಕ್ಷೆಯೇಕೆ ಎನ್ನುವವರುಂಟು. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಬಳಿ ಕುಸಿದು 123 ಜನರನ್ನು ಬಲಿ ತೆಗೆದುಕೊಂಡದ್ದು ಕಟ್ಟುತ್ತಿದ್ದ ಕಟ್ಟಡವೇ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ 19 ಜನರ ಪ್ರಾಣ ಹೋದದ್ದೂ ನಿರ್ಮಾಣದಲ್ಲಿದ್ದ ಕಟ್ಟಡ ಬಿದ್ದೇ. ಹೊಸತೆಂಬ ಮಾತ್ರಕ್ಕೆ ಗಟ್ಟಿಯೆನ್ನಲಾಗದು.

ಪರೀಕ್ಷಕನ ವರದಿಯಿಂದ ಬೇರೆ ಲಾಭಗಳೂ ಉಂಟು. ದುರಸ್ತಿಯ ವೆಚ್ಚ ಮೊದಲೇ ತಿಳಿದರೆ ಬೆಲೆಯ ಮಾತುಕತೆಯಲ್ಲಿ ಕೊಳ್ಳುವವರ ಕೈ ಮೇಲಾಗುತ್ತದೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯ ವ್ಯಾಪ್ತಿಗೆ ಬರುವ ಮನೆಗಳಲ್ಲಿ, ವಶಕ್ಕೆ ಕೊಟ್ಟ 5 ವರ್ಷಗಳೊಳಗೆ ರಚನಾದೋಷವನ್ನು ತಿಳಿಸಿದರೆ, 30 ದಿನಗಳೊಳಗೆ ಹಣ ಕೇಳದೆ ಸರಿಪಡಿಸುವ ಹೊಣೆ ನಿರ್ಮಾಪಕರದು. ಅಂಥ ದೂರಿಗೆ ಬಲ ತರುವುದು ಬಲ್ಲವರ ಲಿಖಿತ ವರದಿ.

ಹೆಣ್ಣು ಕೊಡುವಾಗ ನಾಲ್ಕು ಕಡೆ ವಿಚಾರಿಸುವ ಸಂಸಾರವು ಮನೆ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದು. ಮುಂಗಡ ಹಣ ಕೈಬಿಡುವ ಮುನ್ನ ಗೋಡೆಯ ಮಾತನ್ನೂ ಒಮ್ಮೆ ಕೇಳಿಸಿಕೊಳ್ಳುವುದು ಜಾಣತನ. ಮಕ್ಕಳು ನಿಶ್ಚಿಂತೆಯಿಂದ ಮಲಗಬೇಕಾದದ್ದು ಆ ಸೂರಿನಡಿಯಲ್ಲೇ ಅಲ್ಲವೆ?