ಜಮೈಕಾದ ಹವಳಕ್ಕೆ ಕಳೆ ಹತ್ತಿದ ಕಥೆ

ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್‌ನ ರುಚಿ ಹತ್ತಿಸಿಕೊಂಡು ಈಗ ಕೆರಿಬಿಯನ್ ಪ್ರವಾಸಕ್ಕೆ ಹೊರಟಿರುವ ಓದುಗರೊಬ್ಬರು ಕೇಳಿದ್ದಾರೆ: ‘ಅಲ್ಲಿನ ಹವಳದ ದಿಬ್ಬಗಳು ಸಾಯುತ್ತಿವೆ ಎನ್ನುತ್ತಾರಲ್ಲ, ನಮ್ಮಂಥ ಸಾಮಾನ್ಯರ ಕಣ್ಣಿಗೂ ಅದು ಕಾಣುತ್ತದೆಯೇ?’

ಖಂಡಿತ ಕಾಣುತ್ತದೆ. ಹವಳದ ದಿಬ್ಬಗಳು ಹೇಗೆ ಕುಸಿಯುತ್ತವೆ ಎಂಬುದರ ಬಗ್ಗೆ ಇಂದು ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು, ನೀರಿಗಿಳಿದು ಕಣ್ಣಾರೆ ನೋಡಿ ಲೆಕ್ಕ ಬರೆದಿಟ್ಟವರಿಂದಲೇ ಬಂದದ್ದು. ಜಮೈಕಾದ ಉತ್ತರ ಕರಾವಳಿಯ ಡಿಸ್ಕವರಿ ಬೇ ಎಂಬ ಕೊಲ್ಲಿಯ ಸುತ್ತ ನಡೆದ ಕೆಲಸ ಇದಕ್ಕೆ ಅತ್ಯುತ್ತಮ ನಿದರ್ಶನ.

ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗನ್ಯಾನ್ ಸೇರಿ ‘ಆಕ್ವಾಲಂಗ್’ ಉಸಿರಾಟದ ಉಪಕರಣ ರೂಪಿಸಿದ್ದು 1943ರಲ್ಲಿ. ಅದಕ್ಕೆ ಮೊದಲು ಹವಳದ ಅಧ್ಯಯನವೆಂದರೆ ಬಹುಮಟ್ಟಿಗೆ ತೀರದ ಆಳವಿಲ್ಲದ ನೀರಿನಲ್ಲಿ ಕಂಡದ್ದು, ಇಲ್ಲವೇ ದೋಣಿಯಿಂದ ಕೆದಕಿ ಮೇಲೆತ್ತಿದ ತುಂಡುಗಳು. ಈ ಉಪಕರಣವನ್ನು ಬೆನ್ನಿಗೆ ಕಟ್ಟಿಕೊಂಡು ದಿಬ್ಬದ ಇಳಿಜಾರಿಗೇ ಇಳಿದ ಮೊದಲಿಗರಲ್ಲಿ ಒಬ್ಬರು ಥಾಮಸ್ ಗೊರೊ. 1950ರ ದಶಕದಲ್ಲಿ ಜಮೈಕಾದಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದ ಅವರು, ಯಾವ ಆಳದಲ್ಲಿ ಯಾವ ಹವಳ ಬೆಳೆಯುತ್ತದೆ ಎಂದು ಗುರುತಿಸಿ 1959ರಲ್ಲಿ ಪ್ರಕಟಿಸಿದರು. ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ, ಹವಳವು ಕತ್ತಲಿಗಿಂತ ಬೆಳಕಿನಲ್ಲಿ ಹಲವು ಪಟ್ಟು ವೇಗವಾಗಿ ಸುಣ್ಣದ ಗೂಡು ಕಟ್ಟುತ್ತದೆಂದು ತೋರಿಸಿಕೊಟ್ಟವರೂ ಅವರೇ. ಹವಳದ ಮೈಯೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೆ ಉಣಿಸುತ್ತದೆ. ಬಿಸಿಲು ತಪ್ಪಿದರೆ ಹವಳಕ್ಕೆ ಅನ್ನವೂ ತಪ್ಪಿದಂತೆ.

ಗೊರೊ 1970ರಲ್ಲಿ ತೀರಿಕೊಂಡರು. ಆದರೆ ಅವರ ನಂತರದವರು ಅದೇ ದಿಬ್ಬಗಳಿಗೆ ಮತ್ತೆ ಮತ್ತೆ ಇಳಿದರು. ಹೀಗೆ ಕೂಡಿಟ್ಟ ಲೆಕ್ಕವನ್ನು ಟೆರೆನ್ಸ್ ಹ್ಯೂಸ್ 1994ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟಾಗ ಓದಿದವರು ಬೆಚ್ಚಿದರು. 1970ರ ದಶಕದ ಕೊನೆಯಲ್ಲಿ ಜಮೈಕಾದ ದಿಬ್ಬಗಳ ಸುಮಾರು ಶೇ 52ರಷ್ಟು ಮೇಲ್ಮೈಯನ್ನು ಜೀವಂತ ಹವಳ ಆವರಿಸಿತ್ತು. 1993ರ ಹೊತ್ತಿಗೆ ಉಳಿದದ್ದು ಶೇ 3. ಅತ್ತ ದೊಡ್ಡ ಪಾಚಿಗಳ ಪಾಲು ಶೇ 4ರಿಂದ 92ಕ್ಕೆ ಏರಿತ್ತು.

ಇದು ಹೇಗಾಯಿತು? ಒಂದು ಹೊಲವನ್ನು ನೆನೆಯಿರಿ. ಬೆಳೆ ನಿಧಾನವಾಗಿ ಏಳುತ್ತದೆ, ಕಳೆ ಮಾತ್ರ ಹೇಳದೆ ಕೇಳದೆ ಹಬ್ಬುತ್ತದೆ. ಕಳೆ ಕೀಳಲು ಹತ್ತು ಆಳುಗಳಿದ್ದ ಹೊಲದಲ್ಲಿ ಒಬ್ಬೊಬ್ಬರೇ ಕೆಲಸ ಬಿಟ್ಟು, ಕೊನೆಗೆ ಒಬ್ಬ ಉಳಿದನೆನ್ನಿ. ಆ ಒಬ್ಬ ಗಟ್ಟಿಗನಾದರೆ ಹೊಲ ಹಸನಾಗಿಯೇ ಕಾಣುತ್ತದೆ, ಯಜಮಾನನಿಗೆ ಅಪಾಯದ ಅರಿವೇ ಆಗುವುದಿಲ್ಲ. ಅವನು ಹಾಸಿಗೆ ಹಿಡಿದ ದಿನದಿಂದ ಎಲ್ಲೆಲ್ಲೂ ಕಳೆ. ಜಮೈಕಾದಲ್ಲಿ ಪಾಚಿ ಮೇಯುವ ಗಿಳಿಮೀನಿನಂಥ ಮೀನುಗಳು ಅತಿಯಾದ ಮೀನುಗಾರಿಕೆಯಿಂದ ಬಹಳ ಹಿಂದೆಯೇ ವಿರಳವಾಗಿದ್ದವು. ಉಳಿದಿದ್ದ ಕೊನೆಯ ಗಟ್ಟಿ ಆಳು ಡಯಡೆಮಾ, ಅಂದರೆ ಉದ್ದನೆಯ ಕಪ್ಪು ಮುಳ್ಳುಗಳ ಸೀ ಅರ್ಚಿನ್. ಹಗಲು ಬಂಡೆಯ ಸಂದಿಯಲ್ಲಿ ಅಡಗಿದ್ದು, ರಾತ್ರಿ ಹೊರಬಂದು ಪಾಚಿಯನ್ನು ಬೋಳಿಸುವ ಜೀವಿ.

1980ರ ಆಗಸ್ಟ್‌ನಲ್ಲಿ ಅಲೆನ್ ಚಂಡಮಾರುತ ಕವಲೊಡೆದ ಜಿಂಕೆಕೊಂಬು ಹವಳಗಳನ್ನು ಪುಡಿಗಟ್ಟಿತು. ಆದರೂ ಖಾಲಿ ಬಿದ್ದ ಬಂಡೆಗಳನ್ನು ಡಯಡೆಮಾ ಹಸನಾಗಿಟ್ಟದ್ದರಿಂದ ಎಳೆಯ ಹವಳಗಳು ಮತ್ತೆ ನೆಲೆಯೂರತೊಡಗಿದವು. 1983ರ ಆರಂಭದಲ್ಲಿ ಪನಾಮಾ ತೀರದಲ್ಲಿ ಡಯಡೆಮಾಗಳು ಸಾಯಲಾರಂಭಿಸಿದವು. ಸುಮಾರು ಒಂದು ವರ್ಷದಲ್ಲಿ ರೋಗ ಇಡೀ ಕೆರಿಬಿಯನ್‌ಗೆ ಹರಡಿತು, ಬಹುತೇಕ ಕಡೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದವು. ಆಮೇಲೆ ಪಾಚಿಯನ್ನು ತಡೆಯುವವರೇ ಇರಲಿಲ್ಲ.

ಡಿಸ್ಕವರಿ ಬೇ ಆಸುಪಾಸಿನಲ್ಲಿ ಡಯಡೆಮಾ ಮರಳಿದ ಜಾಗಗಳಲ್ಲಿ ಪಾಚಿ ಇಳಿದು ಮರಿಹವಳಗಳು ಹೆಚ್ಚಿದ್ದನ್ನು 2001ರ ಅಧ್ಯಯನವೊಂದು ದಾಖಲಿಸಿತು. ಆದರೆ 2022ರಲ್ಲಿ ಕೆರಿಬಿಯನ್‌ನ ಹಲವೆಡೆ ಅವು ಮತ್ತೆ ಸಾಮೂಹಿಕವಾಗಿ ಸತ್ತವು. ಈ ಸಲ ಮಾತ್ರ ಕೊಲೆಗಾರ ಬೇಗ ಸಿಕ್ಕಿಬಿದ್ದ: ಸಿಲಿಯೇಟ್ ಎಂಬ ಏಕಕೋಶ ಜೀವಿ ಇದಕ್ಕೆ ಕಾರಣವೆಂದು 2023ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 1983ರ ರೋಗಾಣುವನ್ನು ಆಗ ಹಿಡಿಯಲು ಯಾರಿಂದಲೂ ಆಗಿರಲಿಲ್ಲ.

ಈಗ ನೀರಿಗಿಳಿದಾಗ ಏನನ್ನು ನೋಡಬೇಕು? ಬೆಳ್ಳಗಾದ ಹವಳವೆಲ್ಲ ಸತ್ತಿಲ್ಲ. ನೀರು ಬಿಸಿಯೇರಿ ಒಳಗಿನ ಪಾಚಿ ಹೊರಬಿದ್ದಾಗ ಹವಳ ಬಿಳುಚುತ್ತದೆ. ಮೇಲೆ ಪಾರದರ್ಶಕ ತೆಳುಪೊರೆ ಇದ್ದರೆ ಅದಿನ್ನೂ ಬದುಕಿದೆ, ನೀರು ತಣಿದರೆ ಚೇತರಿಸಿಕೊಳ್ಳಬಹುದು. ಪೊರೆ ಹೋಗಿ ಸುಣ್ಣದ ಮೇಲೆ ನವಿರು ಪಾಚಿ ಹತ್ತಿದ್ದರೆ ಆ ಭಾಗ ಸತ್ತಿದೆ. ಬಣ್ಣ ನೋಡುವಾಗ ಟಾರ್ಚ್ ಬಳಸಿ, ಏಕೆಂದರೆ ನೀರು ಮೊದಲು ಹೀರಿಕೊಳ್ಳುವುದು ಕೆಂಪು ಬೆಳಕನ್ನೇ. ಬಂಡೆಯ ಸಂದಿಗಳಲ್ಲಿ ಕಪ್ಪು ಮುಳ್ಳುಗಳಿವೆಯೇ, ಗಿಳಿಮೀನುಗಳು ಬಂಡೆ ಕೆರೆಯುತ್ತಿವೆಯೇ ಎಂಬುದನ್ನೂ ಗಮನಿಸಿ.

ನರ್ಸರಿಯಲ್ಲಿ ಬೆಳೆಸಿದ ಹವಳದ ತುಂಡುಗಳನ್ನು ನೆಟ್ಟು ದಿಬ್ಬವನ್ನೇ ಉಳಿಸಿಬಿಡುತ್ತೇವೆ ಎಂಬ ಸುದ್ದಿಗಳು ಈಗ ಹೇರಳ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ, ಆ ಅಬ್ಬರದ ಬಗ್ಗೆ ಇಲ್ಲ. ಕಡಲು ಕಾಯುತ್ತಲೇ ಹೋದರೆ, ಪಾಚಿ ಮೇಯುವ ಜೀವಿಗಳು ಇಲ್ಲವಾದರೆ, ನೆಟ್ಟದ್ದೂ ಉಳಿಯುವುದಿಲ್ಲ. ಬೆಲೀಜ್ ದೇಶ 2009ರಲ್ಲೇ ಗಿಳಿಮೀನು ಹಿಡಿಯುವುದನ್ನು ನಿಷೇಧಿಸಿತು. ಕೆರಿಬಿಯನ್‌ಗೆ ಹೋಗುವವರು ಹವಳವನ್ನು ಮುಟ್ಟದಿದ್ದರೆ ಸಾಲದು, ಹೋಟೆಲಿನಲ್ಲಿ ಗಿಳಿಮೀನಿನ ಖಾದ್ಯವನ್ನೂ ದಯವಿಟ್ಟು ಬೇಡವೆನ್ನಿ.