ದಾಳಿಂಬ್ರಿ ಒಡೆದದ್ದು ಯಾರ ತಪ್ಪು?

ತಿಮ್ಮಾಪುರ: ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ಊರಿದು. ಮುಧೋಳ ತಾಲೂಕಿನ ಈ ಭಾಗದಲ್ಲಿ ನೀರಾವರಿ ಅಂದರೆ ಕಬ್ಬು, ಕಬ್ಬು ಅಂದರೆ ಹೊಲ ತುಂಬ ನೀರು. ಘಟಪ್ರಭೆ ಕಲಿಸಿದ ರೂಢಿ. ಅದೇ ಕೈಯಿಂದ ದಾಳಿಂಬ್ರಿಗೂ ನೀರು ಬಿಟ್ಟರೆ? ಹಣ್ಣು ಗಿಡದಲ್ಲೇ ಬಾಯಿ ಬಿಡುತ್ತದೆ!

ರೋಗ ಬಂತು ಅಂತ ಔಷಧಿ ಅಂಗಡಿಗೆ ಓಡುವವರುಂಟು. ಅಂಗಮಾರಿಯಲ್ಲೂ ಹಣ್ಣು ಸೀಳುತ್ತದೆ, ಸುಳ್ಳಲ್ಲ. ಆದರೆ ಆಗ ಸಿಪ್ಪೆ ಮೇಲೆ ಕರಿ ಚುಕ್ಕಿ ಕಾಣುತ್ತವೆ. ಚುಕ್ಕಿ ಇಲ್ಲದೆ ಒಡೆದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಹೋದ ವಾರ ನೀರು ಹೇಗೆ ಬಿಟ್ಟಿರಿ?

ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನಮ್ಮಂಥವರಿಗೂ ತಿಳಿಯುವ ಲೆಕ್ಕ ಇದು. ನೆಲ ಒಣಗಿದಾಗ ಸಿಪ್ಪೆ ಬಿರುಸಾಗಿ ಹಿಗ್ಗುವ ಗುಣ ಕಳಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ನೀರು ಬಿಟ್ಟರೆ, ಇಲ್ಲಾ ದೊಡ್ಡ ಮಳೆಯಾದರೆ, ಒಳಗಿನ ಕಾಳು ಉಬ್ಬುತ್ತವೆ. ಸಿಪ್ಪೆ ತಡೆಯದೆ ಸೀಳುತ್ತದೆ. ಐದಾರು ತಿಂಗಳು ಸಾಕಿದ ಹಣ್ಣು ಪೇಟೆಗೆ ಹೋಗದಂತಾಗುತ್ತದೆ. ರಾತ್ರಿ ಕರೆಂಟು ಬಂತೆಂದು ಪಂಪು ಹಾಕಿ ಮಲಗುವವರು ಗಮನಿಸಬೇಕು.

ಹಾಗಂತ ಈ ಗಿಡಕ್ಕೆ ಬಾಯಾರಿಕೆ ಬೇಡವೇ? ಬೇಕು! ಮಜಾ ಇರೋದೇ ಇಲ್ಲಿ. ಹೂವು ಒಟ್ಟಿಗೆ ಬರಲೆಂದು ಬಹಾರಕ್ಕೆ ಮೊದಲು ಒಂದೆರಡು ತಿಂಗಳು ನೀರು ನಿಲ್ಲಿಸುತ್ತಾರೆ. ಎಲೆ ಉದುರುತ್ತದೆ, ಗಿಡ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಚಾಟ್ನಿ ಮಾಡಿ, ಗೊಬ್ಬರ ಹಾಕಿ, ಹಗುರಾಗಿ ನೀರು ಕೊಟ್ಟರೆ ಚಿಗುರಿನ ಜೊತೆ ಹೂವು. ಜನವರಿ-ಫೆಬ್ರವರಿ ಹೂವಿನದು ಅಂಬೆ ಬಹಾರ, ಮಳೆಗಾಲದ್ದು ಮೃಗ, ಸೆಪ್ಟೆಂಬರ್-ಅಕ್ಟೋಬರಿನದು ಹಸ್ತ. ಮಡ್ಡಿ ನೆಲವಾದರೆ ಬೇಗ ಆರುತ್ತದೆ. ಎರಿ ಹೊಲ ಅಷ್ಟು ಸುಲಭಕ್ಕೆ ಆರುವುದಿಲ್ಲ. ಪಕ್ಕದ ಕಬ್ಬಿನ ನೀರು ಬಸಿದು ಬಂದರಂತೂ ಗಿಡಕ್ಕೆ ಬಾಯಾರಿಕೆ ಎಲ್ಲಿಂದ? ಬದುವಿನಲ್ಲಿ ಬಸಿಗಾಲುವೆ ತೋಡದೆ ಗತಿಯಿಲ್ಲ.

ಕಾಯಿ ಕಟ್ಟಿದ ಮೇಲೆ ಮಾತ್ರ ತಪ್ಪದೆ ಸ್ವಲ್ಪ ಸ್ವಲ್ಪ ನೀರು. ಡ್ರಿಪ್ಪಿನ ಕೆಲಸ ಅದು. ನೀರು ಉಳಿಯಿತು ಅನ್ನೋದು ಒಂದು ಲಾಭ. ಹಣ್ಣು ಉಳಿಯಿತು ಅನ್ನೋದು ದೊಡ್ಡದು. ಆದರೆ ಪೈಪು ಹಾಸಿ, ನಾಲ್ಕು ದಿನ ಮರೆತು, ಐದನೇ ದಿನ ಹಗಲಿಡೀ ಬಿಟ್ಟರೆ ಡ್ರಿಪ್ಪೂ ಕಾಲುವೆಯೇ. ಬುಡಕ್ಕೇ ಹನಿ ಬೀಳಿಸುವವರೂ ಇದ್ದಾರೆ. ನೀರು ಹೀರುವ ಎಳೆ ಬೇರುಗಳು ಬುಡದಿಂದ ಆಚೆ, ಗಿಡದ ನೆರಳು ಹರಡಿದ ಕಡೆ ಇರುತ್ತವೆ ಸ್ವಾಮಿ!

ಬಾಗಲಕೋಟೆಯಲ್ಲೇ 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಆಯಿತು. ಸೊಲ್ಲಾಪುರದಲ್ಲಿ 2005ರಿಂದ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಒಡೆದ ಹಣ್ಣು ಒಂದೆರಡು ಚೀಲದಲ್ಲಿ ಕಟ್ಟಿಕೊಂಡು ಹೋಗಿ. ಜೊತೆಗೆ ಯಾವ ದಿನ ಎಷ್ಟು ಹೊತ್ತು ನೀರು ಬಿಟ್ಟಿರಿ ಅನ್ನೋ ಚೀಟಿಯೂ ಇರಲಿ.